ಊಟಕ್ಕಿಲ್ಲದ ತಾಟು

ನಮ್ಮ ಮನೆಯಲ್ಲಿ ಒಂದು ತಾಟಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಉಳಿದ ತಾಟುಗಳು ಅಡುಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಬೋರಲಾಗಿ ಇರುತ್ತಿದ್ದವು. ಇದೊಂದು ಮಾತ್ರ ಶಹಾಬಾದಿ ಕಲ್ಲಿನ ನೆಲದ ಮೇಲೆ, ಕುಡಿಯುವ ನೀರಿನ ಕೊಡಕ್ಕೆ ಆನಿಕೊಂಡು ನಿಂತಿರುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು. ಮನೆಗೆ ಬಂದ ಬೀಗರು ಯಾರಾದರೂ ಗೊತ್ತಿಲ್ಲದೆ ಅದನ್ನು ಎತ್ತಿಕೊಂಡು ಊಟಕ್ಕೆ ಕುಳಿತರೆ, ಅವ್ವ ಮಾತಾಡದೆ ಅವರ ಮುಂದಿನಿಂದ ತೆಗೆದು ಬೇರೆಯದನ್ನು ಇಡುತ್ತಿದ್ದಳು. ಅದು ಕಸ್ತೂರಿಯ ಮೂಗಿನ ತಾಟು ಎಂದು ಆಯಿ ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಬೀಗರಿಗೆ ಏನೂ ತಿಳಿಯುತ್ತಿರಲಿಲ್ಲ. ಕಸ್ತೂರಿ ಎಂದರೆ ನಾನು. ಆಯಿ ಅಪ್ಪನ ತಾಯಿ. ಅವ್ವ ತೀರಿಕೊಂಡು ಈಗ ಮೂರು ತಿಂಗಳಾಯಿತು. ಮನೆಯ ಪಾತ್ರೆಗಳೆಲ್ಲ ತಮ್ಮನಲ್ಲೇ ಇರಲಿ ಎಂದು, ಈ ತಾಟೊಂದನ್ನು ಅವ್ವನ ಸೀರೆಯಲ್ಲಿ ಸುತ್ತಿಕೊಂಡು ಕಮಲಾಪುರದಿಂದ ಕಲಬುರಗಿಗೆ ತಂದೆ. ಈಗ ಅದು ನನ್ನ ಅಡುಗೆಮನೆಯಲ್ಲಿ ನೀರಿನ ಕೊಡದ ಪಕ್ಕ ನಿಂತಿದೆ. ನನ್ನ ಮನೆಯಲ್ಲೂ ಅದರಲ್ಲಿ ಯಾರೂ ಉಣ್ಣುವುದಿಲ್ಲ.

ನಾನು ಹುಟ್ಟಿದಾಗ ನನ್ನ ಮೇಲ್ದುಟಿ ಎಡಗಡೆ ಮೂಗಿನವರೆಗೂ ಸೀಳಿತ್ತಂತೆ. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿರಬೇಕು ಎಂದು ಓಣಿಯವರು ಅವ್ವನ ಮೇಲೆ ಹಾಕಿದರು. ಅವ್ವ ಬಾಣಂತಿತನ ಮುಗಿಯುತ್ತಲೇ ಅಯ್ಯನವರಲ್ಲಿಗೆ ಹೋಗಿ ಪಂಚಾಂಗ ತೆಗೆಸಿದಳು. ಆ ಒಂಬತ್ತು ತಿಂಗಳಲ್ಲಿ ನಮ್ಮ ಕಡೆಗೆ ಕಾಣಿಸುವ ಗ್ರಹಣ ಒಂದೂ ಇರಲಿಲ್ಲ. ಆ ಸಂಗತಿಯನ್ನು ನೀರಿಗೆ ನಿಂತ ಹೆಂಗಸರಿಗೆಲ್ಲ ತಾನೇ ಹೇಳಿ ಬಂದಳು. ನನಗೆ ಕಸ್ತೂರಿ ಎಂದು ಹೆಸರಿಟ್ಟವಳೂ ಅವಳೇ. ಮೂಗು ಸರಿಯಿಲ್ಲದ ಕೂಸಿಗೆ ಅಂಥ ಹೆಸರು ಯಾಕೆ, ಜನ ನಗುತ್ತಾರೆ ಎಂದು ಆಯಿ ತಕರಾರು ಮಾಡಿದಳಂತೆ. ನಗುವವರು ಹೇಗಿದ್ದರೂ ನಗುತ್ತಾರೆ, ಹೆಸರಾದರೂ ಒಳ್ಳೆಯದಿರಲಿ ಎಂದು ಅವ್ವ ಹೇಳಿದಳಂತೆ. ಒಳಲೆಯಲ್ಲಿ ಹನಿ ಹನಿ ಹಾಲು ಹಾಕಿ ಬೆಳೆಸಿದಳು. ಕೆಲವು ತಿಂಗಳಾದ ಮೇಲೆ ಕಲಬುರಗಿಯಲ್ಲಿ ತುಟಿ ಹೊಲಿದರು. ತುಟಿ ಕೂಡಿತು, ಮೂಗು ಹಾಗೆಯೇ ಉಳಿಯಿತು. ಎಡ ಹೊಳ್ಳೆ ಕೆನ್ನೆಯ ಕಡೆ ಚಪ್ಪಟೆಯಾಗಿ ಮಲಗಿತ್ತು. ತುದಿ ಒಂದು ಕಡೆ ಎಳೆದಂತಿತ್ತು, ಒಳಗಿನ ಗೋಡೆ ಸೊಟ್ಟಗಿತ್ತು. ಮೂಗಿನ ಕೆಲಸ ಈಗ ಆಗುವುದಿಲ್ಲ, ಮುಖ ಪೂರ್ತಿ ಬೆಳೆಯಬೇಕು, ಹದಿನಾರು ಹದಿನೇಳರಲ್ಲಿ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅವ್ವ ಆ ಮಾತನ್ನು ಮದುವೆಯ ಮುಹೂರ್ತದಂತೆ ನೆನಪಿಟ್ಟುಕೊಂಡಳು.

ತಾಟಿನ ಸಂಗತಿ ಶುರುವಾದದ್ದು ನನಗೆ ನಾಲ್ಕೋ ಐದೋ ವರ್ಷವಿದ್ದಾಗ, ಒಂದು ಚಳಿಗಾಲದ ಬೆಳಿಗ್ಗೆ. ತಾಟಿನಲ್ಲಿ ಉಳಿದ ಬೆಲ್ಲದ ಹಾಲನ್ನು ನೆಕ್ಕಲು ನಾನು ಮುಖ ಬಗ್ಗಿಸಿದ್ದೆ. ಎದುರಿಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ನೋಡಿದಳು. ತಣ್ಣನೆಯ ತಾಟಿನ ಮೇಲೆ ನನ್ನ ಉಸಿರಿನ ಮಬ್ಬು ಒಂದೇ ಕಡೆ ಮೂಡುತ್ತಿತ್ತು, ಬಲಗಡೆ ಮಾತ್ರ. ಹಿಟ್ಟಿನ ಕೈಯಲ್ಲೇ ಬಂದು ತನ್ನ ಮೂಗಿನ ಕೆಳಗೆ ತಾಟು ಹಿಡಿದುಕೊಂಡಳು. ಎರಡು ಮಬ್ಬು ಮೂಡಿದವು, ಹುಣಸೆಬೀಜದಂತೆ, ಪಕ್ಕಪಕ್ಕ. ಆಯಿಗೂ ಹಿಡಿದು ನೋಡಿದಳು. ಎರಡು. ಅಂದಿನಿಂದ ಪ್ರತಿ ಬೆಳಿಗ್ಗೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡ ಮೇಲೆ ನಾನು ಅವ್ವನ ಮುಂದೆ ನಿಲ್ಲಬೇಕು, ಅವಳು ತಾಟು ಹಿಡಿಯಬೇಕು. ನಮ್ಮ ಬೇಸಿಗೆಯಲ್ಲಿ ತಾಟು ತಣ್ಣಗಿರುವುದು ಸುಲಭವಲ್ಲ. ಅದಕ್ಕೇ ಅದು ಕೊಡದ ಪಕ್ಕ ಒದ್ದೆ ಕಲ್ಲಿನ ಮೇಲೆ ಇರುತ್ತಿತ್ತು. ನೋಡಿ, ಸೆರಗಿನಿಂದ ಒರೆಸಿ, ಅವಳು ಒಂದೇ ಮಾತು ಹೇಳುತ್ತಿದ್ದಳು.

"ಒಂದ."

ಅದರಲ್ಲಿ ಬೇಸರ ಇರುತ್ತಿರಲಿಲ್ಲ. ಇವತ್ತು ಮಳೆ ಇಲ್ಲ ಎನ್ನುವವರ ಧ್ವನಿಯಲ್ಲಿ ಹೇಳುತ್ತಿದ್ದಳು. ನಾನು ಸ್ಲೇಟು ಎತ್ತಿಕೊಂಡು ಶಾಲೆಗೆ ಓಡುತ್ತಿದ್ದೆ.

ನಮ್ಮ ಮನೆಯಲ್ಲಿ ಮೂರೇ ಕೋಣೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಒಂದು ಕತ್ತಲ ಕೋಣೆ. ಅಪ್ಪ ಹೊಲದಿಂದ ತಂದ ಕೆಂಪು ಬಾಳೆಯ ಗೊನೆಗಳನ್ನು ಹಣ್ಣಾಗಲು ಅಲ್ಲಿ ಇಡುತ್ತಿದ್ದ. ಪಡಸಾಲೆ ಆಯಿಯದು, ಅಡುಗೆಮನೆ ಅವ್ವನದು. ಬೀಗರು ಬಂದರೆ ಆಯಿ ನನ್ನನ್ನು ಹಣ್ಣಿನ ಕೋಣೆಗೆ ಕಳಿಸುತ್ತಿದ್ದಳು, ಅವ್ವ ಕೈಗೆ ನೀರಿನ ತಂಬಿಗೆ ಕೊಟ್ಟು ಮತ್ತೆ ಹೊರಗೆ ಕಳಿಸುತ್ತಿದ್ದಳು. ರಜೆಯ ದಿನಗಳಲ್ಲಿ ಅವ್ವ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದಳು. ಹುಮನಾಬಾದ ಕಡೆಯ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದವು. ಬುಟ್ಟಿಯ ಪಕ್ಕದಲ್ಲಲ್ಲ, ಬುಟ್ಟಿಯ ಮುಂದೆ ನನ್ನನ್ನು ಕೂರಿಸುತ್ತಿದ್ದಳು. ಕಿಟಕಿಯಿಂದ ತಲೆ ಹಾಕಿದವರ ಕಣ್ಣು ಮೊದಲು ಹಣ್ಣಿನ ಮೇಲೆ, ಆಮೇಲೆ ನನ್ನ ಮುಖದ ಮೇಲೆ ಬಂದು ನಿಲ್ಲುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಶುರುಮಾಡುತ್ತಿದ್ದಳು.

"ಹುಟ್ಟಾ ತುಟಿ ಸೀಳಿತ್ರಿ, ಹೊಲಿಸೀವಿ. ಮೂಗ ದೊಡ್ಡಾಕಿ ಆದಮ್ಯಾಲ ಮಾಡ್ತಾರ. ಹಣ್ಣ ಒಂದ ಡಜನ್ ಕೊಡ್ಲೇನ್ರಿ, ಎರಡ ಕೊಡ್ಲಿ?"

ಅವರಿಗೆ ಕೇಳಲು ಏನೂ ಉಳಿಯುತ್ತಿರಲಿಲ್ಲ, ಹಣ್ಣು ಕೊಳ್ಳುತ್ತಿದ್ದರು. ಹೆಣ್ಣುಕೂಸಿನ ಮುಖವನ್ನು ಹೀಗೆ ಊರ ಬಾಗಿಲಲ್ಲಿ ಇಟ್ಟರೆ ನಾಳೆ ಇವಳನ್ನು ಯಾರು ಕೇಳುತ್ತಾರೆ ಎಂದು ಆಯಿ ಒಮ್ಮೆ ಜೋರಾಗಿ ಜಗಳ ತೆಗೆದಳು. ಅವ್ವ ಉತ್ತರ ಕೊಟ್ಟದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ನೋಡಿ ನೋಡಿ ಅವರಿಗೇ ಬ್ಯಾಸರ ಆಗ್ಲಿ ಅಂತ ಕುಂದರಸ್ತೀನಿ, ಅತ್ತಿ."

ಹಾಗೆಯೇ ಆಯಿತು. ನಾನು ಮೂರನೆಯ ಇಯತ್ತೆ ಮುಗಿಸುವ ಹೊತ್ತಿಗೆ ಕಮಲಾಪುರದಲ್ಲಿ ನನ್ನ ಮೂಗನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಶಾಲೆಯಲ್ಲಿ ಮಾತ್ರ ಚಪ್ಟಿ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದು ದಿನ ಅತ್ತುಕೊಂಡು ಮನೆಗೆ ಬಂದೆ. ಅವ್ವ ಸಮಾಧಾನದ ಮಾತು ಹೇಳಲಿಲ್ಲ. ಮಧ್ಯಾಹ್ನವೇ ತಾಟು ತಂದು ಹಿಡಿದಳು. ಅತ್ತ ಮೂಗಿನಲ್ಲಿ ಬಲಗಡೆಯದೂ ಕಟ್ಟಿತ್ತು, ಒಂದೂ ಮೂಡಲಿಲ್ಲ. ಅತ್ತರೆ ಇದ್ದ ಒಂದೂ ಹೋಗುತ್ತದೆ ನೋಡು ಎಂದಳು. ನನಗೆ ನಗು ಬಂತು.

ಆಯಿ ನನ್ನನ್ನು ಪ್ರೀತಿಸುತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಅವಳ ಪ್ರೀತಿಯಿಂದಲೇ ಮುಂದಿನದು ನಡೆಯಿತು. ನನಗೆ ಒಂಬತ್ತು ವರ್ಷ. ಶ್ರಾವಣ ಮಾಸ, ಹಣ್ಣಿಗೆ ಬೇಡಿಕೆಯ ಕಾಲ. ಅಪ್ಪ ಅವ್ವ ಇಬ್ಬರೂ ಬುಟ್ಟಿಗಳನ್ನು ಹೇರಿಕೊಂಡು ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ ಮಾರಲು ಹೋಗಿದ್ದರು, ಇನ್ನೂ ಕೂಸಾಗಿದ್ದ ನನ್ನ ತಮ್ಮ ಅವ್ವನ ಸೊಂಟದ ಮೇಲಿದ್ದ. ಆ ದಿನ ಆಯಿ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೊಸ ಲಂಗ ಉಡಿಸಿ, ಚಿನ್ನದ ಕೆಲಸ ಮಾಡುವ ಪತ್ತಾರನ ಮನೆಗೆ ಕರೆದುಕೊಂಡು ಹೋದಳು. ನಮ್ಮಲ್ಲಿ ಹುಡುಗಿಯರಿಗೆ ಎಡಗಡೆ ಮೂಗು ಚುಚ್ಚಿಸುತ್ತಾರೆ. ಇಂಥ ಹೊಳ್ಳೆಗೆ ಬೇಡ ಎಂದು ಪತ್ತಾರ ಹಿಂದೆಮುಂದೆ ನೋಡಿದ. ಆಯಿ ಕೇಳಲಿಲ್ಲ. ಗೊನೆಯ ಭಾರಕ್ಕೆ ಬಾಗಿದ ಬಾಳೆಗೆ ನಾವು ಕವೆಗೂಟ ಕೊಟ್ಟು ನಿಲ್ಲಿಸುವುದಿಲ್ಲವೇ, ಇದಕ್ಕೂ ಹಾಗೆಯೇ ಒಂದು ಗಟ್ಟಿ ತಂತಿ ಏರಿಸು, ಹೊಳ್ಳೆ ಎದ್ದು ನಿಲ್ಲುತ್ತದೆ ಎಂದಳು. ಜೀವನವಿಡೀ ಬಾಳೆಗಿಡ ನೋಡಿದವಳು. ಅವಳ ಲೆಕ್ಕದಲ್ಲಿ ಅದರಷ್ಟು ಸರಳವಾದದ್ದು ಬೇರೆ ಇರಲಿಲ್ಲ. ಪತ್ತಾರ ಮಾಮೂಲಿಗಿಂತ ದಪ್ಪ ತಂತಿ ಏರಿಸಿ ಬಾಗಿಸಿದ. ನಾನು ಅಳಲಿಲ್ಲ. ಮನೆಗೆ ಬಂದು ಆಯಿ ನನಗೆ ಕನ್ನಡಿ ತೋರಿಸಿದಳು. ಅವಳ ಮುಖ ನನ್ನ ಮುಖಕ್ಕಿಂತ ಹೆಚ್ಚು ಬೆಳಗುತ್ತಿತ್ತು.

ಅವ್ವ ಮೂರನೆಯ ದಿನ ಮರಳಿದಾಗ ಹೊಳ್ಳೆ ಹಸಿರು ನೆಲ್ಲಿಕಾಯಿಯಷ್ಟು ಬಾತು ಕೀವು ತುಂಬಿತ್ತು. ಪಡಸಾಲೆಯಲ್ಲೇ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ತಂತಿ ಬಿಚ್ಚಿದಳು. ವಾಸಿಯಾಗಲು ತಿಂಗಳು ಹಿಡಿಯಿತು. ಅಲ್ಲೊಂದು ಗಂಟು ಉಳಿಯಿತು, ಜೋಳದ ಕಾಳಿನಷ್ಟು ಗಟ್ಟಿ. ದವಾಖಾನೆಯ ನರ್ಸಮ್ಮ ಅದನ್ನು ಒತ್ತಿ ನೋಡಿ, ಚರ್ಮ ಇಲ್ಲಿ ಬಿರುಸಾಗಿದೆ, ಮುಂದೆ ಆಪರೇಶನ್ನಿಗೆ ಇದೇ ತೊಡಕಾದರೂ ಆದೀತು ಎಂದಳು. ಅಂದಿನಿಂದ ಎಂಟು ವರ್ಷ ಅವ್ವ ಆಯಿಯೊಂದಿಗೆ ನೇರವಾಗಿ ಮಾತಾಡಲಿಲ್ಲ. ಒಂದೇ ಒಲೆ, ಒಂದೇ ಅನ್ನ, ಹಬ್ಬ ಬಂದರೆ ಕಾಲಿಗೆ ಬೀಳುವುದೂ ತಪ್ಪಲಿಲ್ಲ. ಮಾತು ಮಾತ್ರ ನನ್ನ ಮೂಲಕ ಹೋಗಬೇಕು. ಇಬ್ಬರೂ ಎರಡು ಮೊಳ ದೂರದಲ್ಲಿ ಕುಳಿತಿರುತ್ತಿದ್ದರು.

"ಕಸ್ತೂರಿ, ನಿಮ್ಮ ಆಯಿಗಿ ಹೇಳು, ರೊಟ್ಟಿ ಆರಾಕತ್ಯಾವ."

"ಕಸ್ತೂರಿ, ನಿಮ್ಮ ಅವ್ವಗ ಹೇಳು, ನನಗ ಕಿವಿ ಅವ. ಪುಂಡಿಪಲ್ಯಾಕ ಉಪ್ಪ ಕಮ್ಮಿ ಬಿದ್ದದ ಅಂತನೂ ಹೇಳು."

ನಾನು ಎರಡೂ ಕಡೆ ನೋಡಿ ಸುಮ್ಮನೆ ಉಣ್ಣುತ್ತಿದ್ದೆ. ಹೇಳಿದ ಹಾಗೆಯೇ ಲೆಕ್ಕ. ಮನೆಯಲ್ಲಿ ಸಿಟ್ಟು ಇತ್ತು, ಆದರೆ ಆ ಸಿಟ್ಟಿನ ನಡುವೆ ನಿಂತು ನಾನು ಮುಖ್ಯಳಾದೆ. ಇಬ್ಬರು ಗಟ್ಟಿ ಹೆಂಗಸರು ನನ್ನ ಒಂದು ಹೊಳ್ಳೆಯ ಸಲುವಾಗಿ ಎಂಟು ವರ್ಷ ಹಟ ಹಿಡಿದರು ಎಂಬುದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಆಯಿಗೆ ಕಾಡಿದ್ದು ನನ್ನ ಮದುವೆ. ಅವ್ವ ಮದುವೆಯ ಮಾತೇ ಎತ್ತುತ್ತಿರಲಿಲ್ಲ. ಉಸಿರಾಡಬೇಕು, ಉಸಿರಿನ ಸಲುವಾಗಿ ಮೂಗು ಮಾಡಿಸಬೇಕು ಎನ್ನುತ್ತಿದ್ದಳು. ಮುಖದ ಬಗ್ಗೆ ಒಂದು ಮಾತು ಅವಳ ಬಾಯಿಂದ ಬಂದದ್ದಿಲ್ಲ. ಒಳಗೊಳಗೇ ನನಗೆ ಮುಖವೂ ಬೇಕಾಗಿತ್ತು. ಹಣ್ಣಿನ ಕೋಣೆಯ ಕತ್ತಲಲ್ಲಿ ಬೆರಳಿನಿಂದ ಎಡ ಹೊಳ್ಳೆಯನ್ನು ಮೇಲೆತ್ತಿ ಹಿಡಿದು, ಹೀಗಿದ್ದರೆ ಹೇಗೆ ಕಾಣುತ್ತೇನೆ ಎಂದು ಊಹಿಸಿಕೊಳ್ಳುತ್ತಿದ್ದೆ. ಅದನ್ನು ಹೇಳಿದರೆ ಅವ್ವನಿಗೆ ದ್ರೋಹ ಮಾಡಿದಂತೆ ಅನ್ನಿಸುತ್ತಿತ್ತು.

ಹದಿನೇಳು ತುಂಬಿದ ತಿಂಗಳೇ ಅವ್ವ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೊರಟಳು. ನಾನೂ ಬರುತ್ತೇನೆ ಎಂದು ಆಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಅವ್ವ ಬೇಡ ಎನ್ನಲಿಲ್ಲ, ಎನ್ನಬೇಕಾದರೆ ಮಾತಾಡಬೇಕಿತ್ತು. ಬಸ್ಸಿನಲ್ಲಿ ನಾನು ಇಬ್ಬರ ನಡುವೆ ಕುಳಿತೆ. ಸೇಡಂ ರಸ್ತೆಯ ಆ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರು ವಯಸ್ಸಾದವರು, ನಮ್ಮ ಕಡೆಯವರೇ. ಮೊದಲು ಒಂದು ತಣ್ಣನೆಯ ಸ್ಟೀಲಿನ ಪಟ್ಟಿ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದರು. ಅವ್ವ ಕುರ್ಚಿಯಿಂದ ಮುಂದೆ ಬಾಗಿದಳು.

"ಬಲಕ್ಕ ಅಷ್ಟ ಬರ್ತದ ನೋಡ್ರಿ. ಒಂದ."

ಡಾಕ್ಟರು ಪಟ್ಟಿ ನೋಡಿದರು, ಅವ್ವನನ್ನು ನೋಡಿದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ದಿನಾ ತಾಟು ಹಿಡಿಯುತ್ತೇವೆ ಎಂದು ಅವ್ವ ಹೇಳಿದಳು. ಇದನ್ನು ಕಲಿಯಲು ನಾನು ದೊಡ್ಡ ಕಾಲೇಜಿಗೆ ಹೋಗಿದ್ದೆ ಎಂದು ಅವರು ನಕ್ಕರು. ಅವ್ವ ನಗಲಿಲ್ಲ, ಆದರೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ಡಾಕ್ಟರ ಬೆರಳು ಹೊಳ್ಳೆಯ ಮೇಲಿನ ಗಂಟಿಗೆ ಬಂತು. ಇದೇನು ಎಂದರು. ಅವ್ವ ಗೋಡೆ ನೋಡತೊಡಗಿದಳು. ನಾನು ನೆಲ ನೋಡಿದೆ. ಎಂಟು ವರ್ಷ ನಾವು ಅಂಜಿದ್ದ ಪ್ರಶ್ನೆ ಅದು. ಬಾಗಿಲ ಹತ್ತಿರ ನಿಂತಿದ್ದ ಆಯಿ ಎರಡು ಹೆಜ್ಜೆ ಮುಂದೆ ಬಂದಳು.

"ನಾ ಚುಚ್ಚಿಸೀನ್ರಿ. ತಪ್ಪ ನಂದ. ಬಾಳಿಗಿಡಕ್ಕ ಗೂಟ ಕೊಟ್ಟಂಗ ಆಗ್ತದ ಅಂತ ತಿಳಕೊಂಡೆ."

ಡಾಕ್ಟರು ಒಂದು ಕಾಗದ ಎಳೆದುಕೊಂಡು ಮೂಗಿನ ಚಿತ್ರ ಬರೆದರು. ಎಡಗಡೆ ಹೊಳ್ಳೆಯ ಒಳಗಿನ ಮೃದು ಎಲುಬು ಕುಸಿದಿದೆ, ಅದನ್ನು ಬಿಡಿಸಿ ಎತ್ತಿ ಬಲಗಡೆಯದರ ಸಮಕ್ಕೆ ಹೊಲಿಯಬೇಕು, ಸೊಟ್ಟಗಿರುವ ಗೋಡೆಯನ್ನು ನೆಟ್ಟಗೆ ಮಾಡಬೇಕು, ಮತ್ತೆ ಕುಸಿಯದಂತೆ ಪಕ್ಕೆಯಿಂದ ಒಂದು ತುಣುಕು ಮೃದು ಎಲುಬು ತೆಗೆದು ಒಳಗೆ ನಿಲ್ಲಿಸಬೇಕು ಎಂದು ವಿವರಿಸಿದರು. ಗಂಟನ್ನು ಅದೇ ಹೊತ್ತಿಗೆ ತೆಗೆದುಬಿಡಬಹುದು, ಅದರಿಂದ ದೊಡ್ಡ ತೊಡಕಿಲ್ಲ ಎಂದರು. ಕೊನೆಗೆ ಪೆನ್ನು ಕೆಳಗಿಟ್ಟು ಆಯಿಯ ಕಡೆ ತಿರುಗಿದರು.

"ಅಮ್ಮಾ, ನಾವೂ ಗೂಟಾನೇ ಕೊಡ್ತೀವಿ. ನೀವು ಹೊರಗಿಂದ ಕೊಟ್ರಿ, ನಾವು ಒಳಗಿಂದ ಕೊಡ್ತೀವಿ. ಅಷ್ಟ ಫರಕ."

ಅವ್ವ ಗೋಡೆಯಿಂದ ಕಣ್ಣು ತೆಗೆದಳು. ನಿಧಾನಕ್ಕೆ ತಿರುಗಿ, ಎಂಟು ವರ್ಷಗಳ ಮೇಲೆ ಮೊದಲ ಸಲ ಆಯಿಯ ಮುಖ ನೋಡಿಯೇ ಹೇಳಿದಳು.

"ಅತ್ತಿ, ನೀವು ಡಾಕ್ಟರಾಗಬೇಕಾಗಿತ್ತ ನೋಡ್ರಿ."

ಆಯಿ ಕಣ್ಣು ಒರೆಸಿಕೊಂಡಳು. ಕಲಿಸಿದ್ದರೆ ಆಗುತ್ತಿದ್ದೆ, ನನ್ನಪ್ಪ ಕಲಿಸಲಿಲ್ಲ ಎಂದಳು. ಅಷ್ಟರಲ್ಲಿ ಡಾಕ್ಟರು ನನ್ನತ್ತ ನೋಡಿ, ಮೂಗು ನಿನ್ನದು, ನಿನಗೆ ಏನು ಬೇಕು ನೀನೇ ಹೇಳು ಎಂದರು. ಉಸಿರು ಎನ್ನಬೇಕೆಂದೇ ಬಾಯಿ ತೆರೆದೆ. ಅವ್ವ ನನ್ನ ಪಕ್ಕದಲ್ಲೇ ಇದ್ದಳು, ಅವಳ ಮೈಯ ಬಾಳೆಹಣ್ಣಿನ ವಾಸನೆ ಬಲ ಹೊಳ್ಳೆಗೆ ಬರುತ್ತಿತ್ತು.

"ಉಸಿರೂ ಬೇಕ್ರಿ, ಚೆಂದನೂ ಬೇಕ್ರಿ" ಎಂದೆ.

ಹೇಳಿದ ಮೇಲೆ ಅವ್ವನ ಕಡೆ ನೋಡಲು ಧೈರ್ಯ ಬರಲಿಲ್ಲ. ಎರಡಕ್ಕೂ ಪ್ರಯತ್ನ ಮಾಡುತ್ತೇವೆ, ನೂರಕ್ಕೆ ನೂರು ಒಂದೇ ಸಮ ಆಗುವುದಿಲ್ಲ, ಅದನ್ನು ಈಗಲೇ ತಿಳಿದುಕೊಂಡಿರು ಎಂದು ಡಾಕ್ಟರು ಬರೆದುಕೊಂಡರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಅವ್ವ ಬಹಳ ಹೊತ್ತು ತನ್ನ ಕೈ ನೋಡಿಕೊಂಡಿದ್ದಳು. ನಾನು ತಪ್ಪಾಯಿತು ಎಂದೆ.

"ಯಾಕ ತಪ್ಪ? ಚೆಂದ ಮಾಡಸ್ತೀನಿ ಅಂತ ನಾ ಅಂದಿದ್ರ, ನೀ ಚೆಂದಿಲ್ಲ ಅಂತ ಅಂದಂಗ ಆಗ್ತಿತ್ತು. ಅದಕ್ಕ ಉಸಿರ ಅಂತ ಹೇಳಕೋತ ಬಂದೆ. ನೀನ ಬಾಯಿ ಬಿಟ್ಟಿ, ಛಲೋ ಆಯ್ತು."

ನಾನು ನಾನಾದದ್ದು ಆ ಬೆಂಚಿನ ಮೇಲೆ ಎಂದು ನನಗೆ ಅನ್ನಿಸುತ್ತದೆ. ನನ್ನ ಸಲುವಾಗಿ ಒಬ್ಬಳು ಹದಿನೇಳು ವರ್ಷ ಒಂದು ಮಾತನ್ನು ನುಂಗಿಕೊಂಡಿದ್ದಳು. ನಾನು ಅದನ್ನು ಗಟ್ಟಿಯಾಗಿ ಹೇಳುವ ದಿನದ ತನಕ ಕಾದಿದ್ದಳು.

ಆಪರೇಶನ್ ಆಯಿತು. ಮೂಗಿಗಿಂತ ಪಕ್ಕೆಯೇ ಹೆಚ್ಚು ನೋಯುತ್ತಿತ್ತು, ನಕ್ಕರೆ ಪ್ರಾಣ ಹೋದಂತಾಗುತ್ತಿತ್ತು. ಮೂಗಿಗಾಗಿ ಪಕ್ಕೆ ಕೊಯ್ಯುವ ಬುದ್ಧಿ ಮಾತ್ರ ನನಗೆ ಹೊಳೆದಿರಲಿಲ್ಲ ಎಂದು ಆಯಿ ಮಂಚದ ಪಕ್ಕ ನಿಂತು ಹೇಳುತ್ತಿದ್ದಳು. ಅವಳನ್ನು ಹೊರಗೆ ಕಳಿಸು ಎಂದು ನಾನು ಅವ್ವನಿಗೆ ಕೈಸನ್ನೆ ಮಾಡುತ್ತಿದ್ದೆ. ಅಪ್ಪ ಹೊಲದಿಂದ ಹಣ್ಣು ತಂದುಕೊಟ್ಟು ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದ. ಅವ್ವ ಅವನ್ನು ಹಾಲಿನಲ್ಲಿ ಕಿವುಚಿ ಚಮಚದಿಂದ ತಿನ್ನಿಸುತ್ತಿದ್ದಳು, ಮೊದಲು ಒಳಲೆ ಹಿಡಿದ ಕೈಯಲ್ಲೇ. ವಾರದ ಮೇಲೆ ಮೂಗಿನ ಮೇಲಿನ ಗಟ್ಟಿ ಪಟ್ಟಿ ಬಿಚ್ಚಿದರು. ಅವ್ವ ನನ್ನ ಮುಖ ನೋಡುವ ಮೊದಲು ಚೀಲದಿಂದ ತಾಟು ತೆಗೆದಳು. ಅದು ಹಳ್ಳಿಯಿಂದ ಬಂದು ಮಂಚದ ಕೆಳಗೆ ಇತ್ತು ಎಂಬುದು ನನಗೂ ಗೊತ್ತಿರಲಿಲ್ಲ. ಒಂದೂ ಮೂಡಲಿಲ್ಲ. ಒಳಗೆಲ್ಲ ಬಾವು ಇದೆ, ತಿಂಗಳುಗಳು ಬೇಕು ಎಂದು ಡಾಕ್ಟರು ಹೇಳಿ ಹೊಳ್ಳೆಯಲ್ಲಿ ಇಟ್ಟುಕೊಳ್ಳಲು ಒಂದು ಮೆತ್ತನೆಯ ಕೊಳವೆ ಕೊಟ್ಟರು. ಹೊಳ್ಳೆ ಕುಗ್ಗದಂತೆ ಅದು ಹಿಡಿದಿಡಬೇಕು. ಅದನ್ನು ಬೆಳಿಗ್ಗೆ ಸಂಜೆ ತೆಗೆದು, ತೊಳೆದು, ಮತ್ತೆ ಇಡುವ ಕೆಲಸವನ್ನು ಆಯಿ ವಹಿಸಿಕೊಂಡಳು. ಅವ್ವ ನೀರು ಕಾಯಿಸಿ ಆರಿಸಿ ಕೊಡುತ್ತಿದ್ದಳು. ಇಬ್ಬರೂ ನೇರವಾಗಿ ಮಾತಾಡುತ್ತಿದ್ದರು, ನೇರವಾಗಿಯೇ ಜಗಳವಾಡುತ್ತಿದ್ದರು. ಮನೆಯಲ್ಲಿ ನನ್ನ ಟಪಾಲಿನ ಕೆಲಸ ಮುಗಿದಿತ್ತು.

ಆ ಚಳಿಗಾಲದ ಒಂದು ಬೆಳಿಗ್ಗೆ ಅವ್ವ ಎಂದಿನಂತೆ ತಾಟು ಹಿಡಿದಳು. ನೋಡಿದಳು, ಒರೆಸಿದಳು, ಮತ್ತೆ ಹಿಡಿದಳು. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಏನಾಯಿತು ಎಂದು ಆಯಿ ಓಡಿ ಬಂದಳು. ವಯಸ್ಸಾಗಿ ಅವಳ ಕಣ್ಣು ಆಗಲೇ ಮಂಜಾಗಿದ್ದವು. ತಾಟು ಕಸಿದುಕೊಂಡು ನನ್ನ ಮೂಗಿನ ಕೆಳಗೆ ಹಿಡಿದು, ಕಾಣದೆ, ಬೆರಳಿನಿಂದ ಮುಟ್ಟಿ ನೋಡಿದಳು. ತೋರುಬೆರಳು ಒಂದು ಕಡೆ ಒದ್ದೆಯಾಯಿತು, ನಡುಬೆರಳು ಇನ್ನೊಂದು ಕಡೆ.

"ಎರಡ ಅವ" ಎಂದಳು ಆಯಿ. "ಯಾಕ ಕುಂತಿ, ಏಳು. ಎರಡ ಅವ."

ನನ್ನ ಎಡ ಹೊಳ್ಳೆ ಇಂದಿಗೂ ಬಲದ್ದಕ್ಕಿಂತ ಒಂದು ಎಳೆ ಚಿಕ್ಕದು. ಗೊತ್ತಿದ್ದವರು ಹುಡುಕಿದರೆ ಕಾಣಬಹುದು. ಚುಚ್ಚಿಸಿದ ಆ ತಂತಿ ಆಯಿಯ ಡಬ್ಬಿಯಲ್ಲೇ ಉಳಿಯಿತು. ಡಾಕ್ಟರು ಕಟ್ಟಿದ ಮೂಗಿಗೆ ಯಾವ ಪತ್ತಾರನೂ ಕೈ ಹಚ್ಚಬಾರದು ಎಂದು ಅವಳೇ ಸಾರಿದ್ದಳು. ಮದುವೆಯಲ್ಲಿ ನಾನು ಖಾಲಿ ಮೂಗಿನಲ್ಲೇ ಕುಳಿತೆ. ಯಾಕೆ ಎಂದು ಕೇಳಿದವರಿಗೆ, ಅವರು ಕೇಳಿ ಮುಗಿಸುವ ಮೊದಲೇ, ಅವ್ವ ಎಲ್ಲವನ್ನೂ ಹೇಳುತ್ತಿದ್ದಳು.

ಮೂರು ತಿಂಗಳ ಹಿಂದೆ, ಅವ್ವ ಹಾಸಿಗೆ ಹಿಡಿದು ಇಪ್ಪತ್ತು ದಿನವಾಗಿದ್ದಾಗ, ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳ ಎದೆ ಏಳುವುದು ನಿಂತಂತೆ ಕಂಡಿತು. ಆಯಿ, ಅಪ್ಪ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ನನ್ನ ತಮ್ಮ ಡಾಕ್ಟರನ್ನು ಕರೆಯಲು ಓಡಿದ್ದ. ಎದುರುಮನೆಯ ಶರಣಮ್ಮ ಕಾಕು, ಅವ್ವನ ಬಸ್ ಸ್ಟ್ಯಾಂಡಿನ ಗೆಳತಿ, ಅವ್ವನ ಕಾಲು ತಿಕ್ಕುತ್ತ ಕುಳಿತಿದ್ದಳು. ನಾನು ಅಡುಗೆಮನೆಗೆ ಹೋಗಿ ಕೊಡದ ಪಕ್ಕದ ತಾಟು ತಂದೆ. ಸೆರಗಿನಿಂದ ಒರೆಸಿ, ಬಗ್ಗಿ, ಅವ್ವನ ಮೂಗಿನ ಕೆಳಗೆ ಹಿಡಿದೆ. ಕಾಕು ನನ್ನ ಭುಜದ ಮೇಲಿಂದ ಇಣುಕಿದಳು.

"ಅವ ನೋಡು ಕಸ್ತೂರಿ, ಎರಡ ಅವ. ಉಸಿರ ಅದ."

ಖರೆಯೇ, ತಾಟಿನ ಮೇಲೆ ಎರಡು ಮಬ್ಬು ಇದ್ದವು, ಹುಣಸೆಬೀಜದಂತೆ, ಪಕ್ಕಪಕ್ಕ. ಎಡಗಡೆಯದು ಒಂದು ಎಳೆ ಚಿಕ್ಕದಿತ್ತು. ನಾನು ತಾಟು ಒರೆಸಿದೆ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ಮತ್ತೆ ಹಿಡಿದೆ. ಎಷ್ಟು ಹೊತ್ತು ಹಿಡಿದೆನೋ ಗೊತ್ತಿಲ್ಲ. ತಾಟು ಸ್ವಚ್ಛವಾಗಿಯೇ ಉಳಿಯಿತು.

"ಅವು ನನ್ನವು, ಕಾಕು" ಎಂದೆ. "ಎರಡೂ ನನ್ನವು."